ಜಾಹೀರಾತಿನ ಪುಟವೂ ಜ್ವರದ ಸೀಮೆಯೂ

ಹಳೆಯ ವೃತ್ತಪತ್ರಿಕೆಗಳ ಕಟ್ಟನ್ನು ಬಿಚ್ಚಿ ಓದಲು ಕುಳಿತವರು ಸಾಮಾನ್ಯವಾಗಿ ಅಗ್ರಲೇಖನಗಳನ್ನೂ ದರ್ಬಾರಿನ ವರ್ತಮಾನಗಳನ್ನೂ ಹುಡುಕುತ್ತಾರೆ. ಜಾಹೀರಾತಿನ ಪುಟವನ್ನು ಮಗುಚಿ ಮುಂದೆ ಹೋಗುತ್ತಾರೆ. ನಾವೂ ಬಹುಕಾಲ ಹಾಗೆಯೇ ಮಾಡಿದೆವು. ಆದರೆ ಜನರು ಯಾವುದಕ್ಕೆ ಅಂಜಿದರು, ಯಾವುದನ್ನು ಬಯಸಿದರು, ಕಷ್ಟದಿಂದ ಕೂಡಿಟ್ಟ ಒಂದು ರೂಪಾಯಿಯನ್ನು ಯಾವ ಆಸೆಗೆ ವೆಚ್ಚಮಾಡಿದರು ಎಂಬ ಸಂಗತಿ ಅಗ್ರಲೇಖನದಲ್ಲಿ ಸಿಕ್ಕುವುದಿಲ್ಲ. ಅದು ಸಿಕ್ಕುವುದು ನಾವು ಮಗುಚಿಬಿಡುವ ಆ ಪುಟದಲ್ಲಿಯೇ. ಈ ದಿನ ಆ ಪುಟವನ್ನು ಸರಗೂರಿನ ಒಂದು ಜಗುಲಿಯ ಮೇಲೆ ಕುಳಿತು ಓದಿದವನ ಕಣ್ಣಿನಿಂದ ನೋಡೋಣ.

ಸರಗೂರು ಕಪಿಲೆಯ ದಡದ ಊರು. ಬಹುಕಾಲ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದಿತು. ಮೈಸೂರಿಗೆ ಮೂವತ್ತು ಮೈಲಿಗಿಂತ ಹೆಚ್ಚು ದೂರ. 1891ರಲ್ಲಿ ರೈಲು ನಂಜನಗೂಡನ್ನು ಮುಟ್ಟಿತಾದರೂ ಅಲ್ಲಿಂದ ಮುಂದೆ ಗಾಡಿಯ ದಾರಿಯೇ ಗತಿ. ಕಾಡಿನಂಚಿನ ಈ ಸೀಮೆಗೆ ಚಳಿಜ್ವರವು ವರ್ಷ ತಪ್ಪದೆ ಬರುವ ನೆಂಟನಾಗಿದ್ದಿತು. ಹೊಟ್ಟೆಯ ಎಡಪಕ್ಕದಲ್ಲಿ ಗುಲ್ಮವು ಊದಿಕೊಂಡು ಕೈಗೆ ಸಿಕ್ಕುವುದನ್ನು ನಮ್ಮ ಜನರು ಜ್ವರಗಡ್ಡೆಯೆಂದು ಕರೆದರು. ರೋಗಕ್ಕೆ ಹೀಗೆ ಮನೆಮಾತಿನ ಹೆಸರಿದ್ದಿತು. ವೈದ್ಯನು ಮಾತ್ರ ದೂರದಲ್ಲಿದ್ದನು.

ಆ ದೂರವನ್ನು ಪತ್ರಿಕೆ ಮತ್ತು ಅಂಚೆ ಎರಡೂ ಕೂಡಿ ತುಂಬಿದುವು. ಕನ್ನಡದ ಮೊದಲನೆಯ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೆರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು ಹೊರಡಿಸಿದನು. ಮೈಸೂರಿನಲ್ಲಿ ಮುಂದೆ ವೆಸ್ಲಿಯನ್ ಮಿಷನ್ನಿನವರ ‘ವೃತ್ತಾಂತ ಪತ್ರಿಕೆ’, ಎಂ. ವೆಂಕಟಕೃಷ್ಣಯ್ಯನವರ ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಮೊದಲಾದುವು ನಡೆದುವು. ಇತ್ತ ಅಂಚೆಯ ಇಲಾಖೆಯವರು 1877ರಲ್ಲಿ ವಿ.ಪಿ. ಪದ್ಧತಿಯನ್ನೂ 1880ರಲ್ಲಿ ಮನಿಯಾರ್ಡರನ್ನೂ ತಂದರು. 1889ರಲ್ಲಿ ಮೈಸೂರಿನ ಹಳೆಯ ಅಂಚೆಯು ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ಇದರ ಫಲವೇನೆಂದರೆ, ಕಲ್ಕತ್ತೆಯ ಅಥವಾ ಮುಂಬಯಿಯ ವ್ಯಾಪಾರಿಯು ಎಂದೂ ಕಾಣದ ಊರಿನ ಗಿರಾಕಿಗೆ ಸೀಸೆಯನ್ನು ಕಳುಹಿಸಬಹುದಾಯಿತು. ಗಿರಾಕಿಯು ಅಂಚೆಯವನ ಕೈಗೆ ಹಣವನ್ನು ಕೊಟ್ಟು ಅದನ್ನು ಬಿಡಿಸಿಕೊಳ್ಳಬಹುದಾಯಿತು. ಒಂದು ಕಾರ್ಡು ಬರೆದರೆ ಸಾಕು, ಔಷಧವು ಬಾಗಿಲಿಗೆ ಬರುತ್ತಿದ್ದಿತು.

ಬರುತ್ತಿದ್ದುದಾದರೂ ಏನು? ಮಕ್ಕಳಿಗೆ ಡೋಂಗ್ರೆಯವರ ಬಾಲಾಮೃತ, ವುಡ್ವರ್ಡ್ಸ್ ಗ್ರೈಪ್ ವಾಟರ್; ಜ್ವರಕ್ಕೆ ಕಲ್ಕತ್ತೆಯ ಬಟೊ ಕೃಷ್ಟೊ ಪಾಲ್ ಅಂಗಡಿಯ ಎಡ್ವರ್ಡ್ಸ್ ಟಾನಿಕ್; ನರದೌರ್ಬಲ್ಯಕ್ಕೆ ಜಾಮನಗರದ ಆತಂಕನಿಗ್ರಹ ಗುಳಿಗೆ; ತಲೆನೋವಿಗೆ ಅಮೃತಾಂಜನ. ಇವುಗಳ ನಡುವೆ ಸಾಬೂನು, ಕೇಶತೈಲ, ಗಡಿಯಾರ, ಹೊಲಿಗೆಯ ಯಂತ್ರ, ಕಬ್ಬಿಣದ ನೇಗಿಲು. ಔಷಧದ ಪ್ರಕಟನೆಗಳಿಗೆ ಒಂದು ಸಿದ್ಧವಾದ ಧಾಟಿಯಿದ್ದಿತು: ಮೊದಲು ರೋಗಗಳ ಉದ್ದವಾದ ಪಟ್ಟಿ, ಆಮೇಲೆ ಚಿನ್ನದ ಪದಕಗಳ ಲೆಕ್ಕ, ಆಮೇಲೆ ನಕಲಿ ಮಾಲಿನ ವಿಷಯದಲ್ಲಿ ಎಚ್ಚರಿಕೆ, ಕೊನೆಗೆ ಗುಣಹೊಂದಿದವರ ಪ್ರಶಂಸಾಪತ್ರಗಳು.

ಈ ಪ್ರಶಂಸಾಪತ್ರಗಳೆಲ್ಲವೂ ಸುಳ್ಳೆಂದು ನಗುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಚಳಿಜ್ವರದ ಸ್ವಭಾವವನ್ನು ಸ್ವಲ್ಪ ಆಲೋಚಿಸಿ. ಅದು ಒಂದು ದಿನ ಬಿಟ್ಟು ಒಂದು ದಿನ, ಅಥವಾ ಎರಡು ದಿನ ಬಿಟ್ಟು ಬರುತ್ತದೆ. ನಡುಗಿಸುತ್ತದೆ, ಸುಡುತ್ತದೆ, ಬೆವರಿ ಇಳಿಯುತ್ತದೆ. ಕೆಲವು ವಾರಗಳಲ್ಲಿ ತಾನಾಗಿಯೇ ಅಡಗಿ, ತಿಂಗಳುಗಳ ಮೇಲೆ ಮತ್ತೆ ಕಾಣಿಸಿಕೊಳ್ಳುವುದೂ ಉಂಟು. ಇಳಿಯುವ ಹೊತ್ತಿಗೆ ಯಾವ ಸೀಸೆಯು ಕೈಯಲ್ಲಿದ್ದಿತೋ ಅದಕ್ಕೇ ಕೀರ್ತಿ. ಧನ್ಯವಾದದ ಕಾಗದ ಬರೆದ ತಂದೆಯು ಪ್ರಾಮಾಣಿಕನೇ; ಜ್ವರವು ಮರಳಿ ಬಂದಾಗ ಅವನು ಎರಡನೆಯ ಕಾಗದವನ್ನು ಬರೆಯಲಿಲ್ಲ, ಬರೆದಿದ್ದರೂ ಅದು ಅಚ್ಚಾಗುತ್ತಿರಲಿಲ್ಲ. ಜಾಹೀರಾತಿನ ಬಲವು ಬರಿಯ ಸುಳ್ಳಿನಲ್ಲಿರಲಿಲ್ಲ. ಅರ್ಧ ಸತ್ಯವನ್ನು ಮಾತ್ರ ಅಚ್ಚುಮಾಡುವ ಜಾಣತನದಲ್ಲಿದ್ದಿತು.

ಇದೇ ಕಾಲದಲ್ಲಿ ನಿಜವಾದ ಮದ್ದು ದೂರವೇನೂ ಇರಲಿಲ್ಲ. ಕೋಟೆ ಸೀಮೆಯ ದಕ್ಷಿಣಕ್ಕೆ, ನೀಲಗಿರಿಯ ನಡುವಟ್ಟದಲ್ಲಿ, ಸಿಂಕೋನ ಮರದ ತೊಗಟೆಯಿಂದ ಸರ್ಕಾರದವರು ಕ್ವಿನೈನನ್ನು ತಯಾರಿಸುತ್ತಿದ್ದರು. ಬಂಗಾಳದಲ್ಲಿ 1892ರಿಂದ ಅಂಚೆ ಕಚೇರಿಗಳಲ್ಲಿಯೇ ಪೈಸೆಗೊಂದು ಪೊಟ್ಟಣದಂತೆ ಅದನ್ನು ಮಾರಲಾರಂಭಿಸಿದರು. ಆದರೆ ಕ್ವಿನೈನು ಕಹಿ, ಕಿವಿಯಲ್ಲಿ ಗುಂಯ್‌ಗುಟ್ಟಿಸುತ್ತದೆ, ಅದಕ್ಕೆ ಚಿತ್ರವಿಲ್ಲ, ಪದಕವಿಲ್ಲ, ಸಕಲ ರೋಗಗಳ ಪಟ್ಟಿಯಿಲ್ಲ. ಒಂದೇ ರೋಗಕ್ಕೆ ಒಂದೇ ಮದ್ದೆಂದು ಹೇಳುವ ಪೊಟ್ಟಣವು, ನೂರು ರೋಗಗಳಿಗೆ ತಾನೊಂದೇ ಎಂದು ಹೇಳುವ ಸೀಸೆಯ ಮುಂದೆ ಹೇಗೆ ನಿಂತೀತು?

ಸೀಮೆಯಿಂದ ಬಂದ ಗುಳಿಗೆಗಳ ಒಳಗೆ ಏನಿದ್ದಿತೆಂಬುದನ್ನು ಬ್ರಿಟಿಷ್ ವೈದ್ಯಸಂಘದವರು 1909ರಲ್ಲಿ ಪರೀಕ್ಷಿಸಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಲೋಕಪ್ರಸಿದ್ಧವಾದ ಬೀಚಮ್ಸ್ ಗುಳಿಗೆಯಲ್ಲಿ ಅವರಿಗೆ ಕಂಡದ್ದು ಲೋಳಸರ, ಶುಂಠಿ ಮತ್ತು ಸಾಬೂನು. 56 ಗುಳಿಗೆಗಳ ಪೆಟ್ಟಿಗೆಯ ಬೆಲೆ ಒಂದು ಷಿಲಿಂಗಿಗಿಂತ ಹೆಚ್ಚು; ಒಳಗಿನ ಸಾಮಗ್ರಿಯ ಬೆಲೆ ಒಂದು ಪೆನ್ನಿಯ ಎಂಟರಲ್ಲಿ ಒಂದು ಪಾಲು. ಉಳಿದುದರಲ್ಲಿ ಬಹುಪಾಲು ಜಾಹೀರಾತಿಗೂ ಲಾಭಕ್ಕೂ ಸಂದಿತು.

ಹಾಗೆಂದು ಆ ಪುಟವೆಲ್ಲವೂ ಮೋಸವೆಂದು ತೀರ್ಮಾನಿಸುವುದು ನ್ಯಾಯವಲ್ಲ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿದ್ದಾಗ ಕಬ್ಬಿಣದ ನೇಗಿಲನ್ನು ಮಾಡಿದರಷ್ಟೆ. ಕಬ್ಬಿಣವು ಮಣ್ಣಿಗೆ ವಿಷವೆಂದು ರೈತರು ಹೆದರಿದ್ದರಿಂದ ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷಗಳು ಹಿಡಿದುವೆಂದು ಹೇಳುತ್ತಾರೆ. ಅದೇ ರೈತನು ಸೀಸೆಯ ಔಷಧವನ್ನು ಮಾತ್ರ ಕಣ್ಣುಮುಚ್ಚಿ ಕುಡಿದನಲ್ಲ ಎಂದು ನಾವು ಆಶ್ಚರ್ಯಪಡಬಹುದು. ಆದರೆ ಇದರಲ್ಲಿ ವಿರೋಧವಿಲ್ಲ. ನೇಗಿಲನ್ನು ನೆರೆಯವನ ಹೊಲದಲ್ಲಿ ಉತ್ತು ನೋಡಬಹುದು, ಒಂದು ಬೆಳೆಯವರೆಗೆ ಕಾಯಬಹುದು. ಜ್ವರದಿಂದ ನರಳುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಯಾರು ಕಾದಾರು? ರೈತನು ಮೂಢನಾಗಿರಲಿಲ್ಲ, ಅವನಿಗೆ ವ್ಯವಧಾನವಿರಲಿಲ್ಲ.

ಒಳ್ಳೆಯ ಸಾಮಗ್ರಿಗಳೂ ಆ ಮಾರ್ಗದಿಂದಲೇ ಮನೆಗಳನ್ನು ಸೇರಿದುವು. ಸರಗೂರಿನ ಕೆಳಗೆ ಅದೇ ಕಪಿಲೆಯ ದಡದಲ್ಲಿರುವ ನಂಜನಗೂಡಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅವರ ಹಲ್ಲುಪುಡಿಯು ಊರಿನ ಹೆಸರನ್ನೇ ಹೊತ್ತು ನಾಡೆಲ್ಲ ಹರಡಿತು. ಮೊದಲನೆಯ ಮಹಾಯುದ್ಧದಲ್ಲಿ ಗಂಧದ ಮರವು ಜರ್ಮನಿಗೆ ಹೋಗುವುದು ನಿಂತಾಗ, 1916ರಲ್ಲಿ ಮೈಸೂರು ಸರ್ಕಾರದವರು ತಾವೇ ಗಂಧದೆಣ್ಣೆಯನ್ನು ಇಳಿಸಲು ತೊಡಗಿದರು. ಅದರಿಂದ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಅಮೃತಾಂಜನವನ್ನು 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಕಾಶೀನಾಥುನಿ ನಾಗೇಶ್ವರರಾಯರು ಅದರ ಲಾಭದಿಂದ ‘ಆಂಧ್ರಪತ್ರಿಕೆ’ಯನ್ನು ನಡೆಸಿದರು. ಪತ್ರಿಕೆಗಳಿಗೆ ಚಂದಾದ ಹಣವು ಸಾಲದಿದ್ದ ಕಾಲವದು. ಮೈಸೂರಿನಲ್ಲಿ 1908ರ ಪತ್ರಿಕಾ ಶಾಸನವು ಬಂದು ಸಂಪಾದಕರ ಕೈ ಕಟ್ಟಿದ ಕಾಲವೂ ಹೌದು. ಅಗ್ರಲೇಖನದ ಧೈರ್ಯಕ್ಕೆ ಹಿಂದಿನ ಪುಟದ ಸೀಸೆಯು ಎಣ್ಣೆಯೆರೆಯುತ್ತಿದ್ದಿತೆಂಬ ಮಾತು ಕೇಳಲು ಹಿತವಲ್ಲದಿದ್ದರೂ ಸತ್ಯವೇ. ಗಾಂಧೀಜಿಯವರು ಈ ಬಂಧನವನ್ನರಿತೇ ‘ಯಂಗ್ ಇಂಡಿಯಾ’, ‘ನವಜೀವನ’ ಪತ್ರಿಕೆಗಳಲ್ಲಿ ಜಾಹೀರಾತುಗಳನ್ನು ಸ್ವೀಕರಿಸಲಿಲ್ಲ. ಅಷ್ಟು ಶಕ್ತಿಯು ಎಲ್ಲರಿಗೂ ಇರಲಿಲ್ಲ.

ಶಾಸನವು ನಿಧಾನವಾಗಿ ಬಂದಿತು. 1930ರಲ್ಲಿ ನೇಮಕವಾದ ಕರ್ನಲ್ ಚೋಪ್ರಾರವರ ಸಮಿತಿಯು ಔಷಧಗಳ ಕಲಬೆರಕೆಯನ್ನು ವಿಚಾರಿಸಿತು. 1940ರಲ್ಲಿ ಔಷಧ ಶಾಸನವಾಯಿತು. ಮಾಂತ್ರಿಕ ಚಿಕಿತ್ಸೆಗಳ ಜಾಹೀರಾತನ್ನು ತಡೆಯುವ ಶಾಸನವು ಬಂದುದು 1954ರಲ್ಲಿ. ಜ್ವರವನ್ನಾದರೋ ಸೀಸೆಯೂ ಓಡಿಸಲಿಲ್ಲ, ಶಾಸನವೂ ಓಡಿಸಲಿಲ್ಲ. ಸೊಳ್ಳೆಯೇ ಅದರ ವಾಹನವೆಂದು 1897ರಲ್ಲಿ ರೊನಾಲ್ಡ್ ರಾಸನು ಕಂಡುಹಿಡಿದ ಮೇಲೆ, ಆ ಸೊಳ್ಳೆಯನ್ನು ಬೆನ್ನಟ್ಟಿ ಮನೆಯ ಗೋಡೆಗಳಿಗೆ ಮದ್ದು ಹೊಡೆದವರು ಅದನ್ನು ತಗ್ಗಿಸಿದರು. 1953ರಲ್ಲಿ ಅದು ದೇಶದ ಕಾರ್ಯಕ್ರಮವೇ ಆಯಿತು. ಪ್ರಶಂಸಾಪತ್ರಗಳಲ್ಲಿ ಅವರ ಹೆಸರಿಲ್ಲ.

ಆದುದರಿಂದ ಹಳೆಯ ಪತ್ರಿಕೆಯು ಕೈಗೆ ಬಂದಾಗ ಕೊನೆಯ ಪುಟವನ್ನೂ ಓದಬೇಕೆಂದು ನಾವು ವಿಜ್ಞಾಪಿಸುತ್ತೇವೆ. ಅಲ್ಲಿ ಸೀಸೆಗಳ ಚಿತ್ರ ಕಾಣುತ್ತದೆ. ಸ್ವಲ್ಪ ಹೊತ್ತು ನಿಂತು ನೋಡಿದರೆ, ವೈದ್ಯನಿಲ್ಲದ ಊರಿನಲ್ಲಿ ದೀಪದ ಬೆಳಕಿನಲ್ಲಿ ವಿ.ಪಿ.ಗೆ ಕಾರ್ಡು ಬರೆಯುತ್ತಿರುವ ಒಬ್ಬ ತಂದೆಯೂ ಕಾಣುತ್ತಾನೆ. ನಗಬೇಕಾದುದು ಅವನನ್ನು ನೋಡಿ ಅಲ್ಲ.