ಅಂಗವೈಕಲ್ಯ ಪಿಂಚಣಿ (ಭಾರತ)

ಅಂಗವೈಕಲ್ಯ ಪಿಂಚಣಿ ಎಂಬ ಹೆಸರು ಭಾರತದಲ್ಲಿ ಎರಡು ಬೇರೆ ಬೇರೆ ಸೌಲಭ್ಯಗಳಿಗೆ ಬಳಕೆಯಲ್ಲಿದೆ. ಒಂದು, ಸೇನಾ ಸೇವೆಯ ಕಾರಣದಿಂದ ಅಂಗವೈಕಲ್ಯಕ್ಕೆ ಒಳಗಾದವರಿಗೆ ರಾಷ್ಟ್ರಪತಿಗಳ ಮಂಜೂರಾತಿಯಂತೆ ಕೇಂದ್ರ ಸರ್ಕಾರ ನೀಡುವ ಪಿಂಚಣಿ. ಮತ್ತೊಂದು, ಬಡ ಅಂಗವಿಕಲರಿಗೆ ರಾಜ್ಯ ಸರ್ಕಾರದ ಮೂಲಕ ದೊರೆಯುವ ಮಾಸಾಶನ. ಇವೆರಡರ ಕಾನೂನು, ಅರ್ಹತೆ ಮತ್ತು ಕಚೇರಿಗಳು ಪ್ರತ್ಯೇಕವಾಗಿವೆ.

ಸಂವಿಧಾನಾತ್ಮಕ ಹಿನ್ನೆಲೆ

ಸಂವಿಧಾನದ 41ನೇ ವಿಧಿಯು ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ ಮತ್ತು ಅಂಗವೈಕಲ್ಯದ ಸಂದರ್ಭಗಳಲ್ಲಿ ಸಾರ್ವಜನಿಕ ನೆರವು ಒದಗಿಸುವಂತೆ ಪ್ರಭುತ್ವಕ್ಕೆ ನಿರ್ದೇಶಿಸುತ್ತದೆ. ಏಳನೇ ಅನುಸೂಚಿಯಲ್ಲಿ ಕೇಂದ್ರದ ಪಿಂಚಣಿಗಳು ಕೇಂದ್ರ ಪಟ್ಟಿಯ 71ನೇ ನಮೂದಿನಲ್ಲಿಯೂ, ಅಂಗವಿಕಲರ ಪರಿಹಾರವು ರಾಜ್ಯ ಪಟ್ಟಿಯ 9ನೇ ನಮೂದಿನಲ್ಲಿಯೂ ಇವೆ. ಎರಡು ವ್ಯವಸ್ಥೆಗಳು ಬೇರೆಯಾಗಿ ಬೆಳೆಯಲು ಈ ಹಂಚಿಕೆಯೇ ಮೂಲ.

53ನೇ ವಿಧಿಯ ಪ್ರಕಾರ ರಕ್ಷಣಾ ಪಡೆಗಳ ಪರಮೋಚ್ಚ ಅಧಿಪತ್ಯ ರಾಷ್ಟ್ರಪತಿಗಳದು. 77ನೇ ವಿಧಿಯಂತೆ ಕೇಂದ್ರದ ಎಲ್ಲ ಕಾರ್ಯಾಂಗ ಆದೇಶಗಳು ಅವರ ಹೆಸರಿನಲ್ಲಿಯೇ ಹೊರಡುತ್ತವೆ. ಸೈನಿಕರ ಪಿಂಚಣಿಗೆ ಸಂಬಂಧಿಸಿದ ರಕ್ಷಣಾ ಸಚಿವಾಲಯದ ಪತ್ರಗಳಲ್ಲಿ ರಾಷ್ಟ್ರಪತಿಗಳ ಮಂಜೂರಾತಿಯ ಉಲ್ಲೇಖವಿರುವುದು ಇದರಿಂದಲೇ. ಆದರೆ ಇದು ಅವರ ವೈಯಕ್ತಿಕ ತೀರ್ಮಾನವಲ್ಲ. 74ನೇ ವಿಧಿಯಂತೆ ಮಂತ್ರಿಮಂಡಲದ ಸಲಹೆಗೆ ಅವರು ಬದ್ಧರು. ಜಮಖಂಡಿ ತಾಲ್ಲೂಕಿನ ಸಾವಳಗಿಯವರಾದ ಬಿ. ಡಿ. ಜತ್ತಿ 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಘೋಷಣೆಗಳಿಗೆ ಸಹಿ ಹಾಕಲು ಅವರು ಮೊದಲು ಹಿಂಜರಿದು, ಏಪ್ರಿಲ್ 30ರಂದು ಸಹಿ ಹಾಕಿದ್ದು ಈ ಬದ್ಧತೆಗೆ ನಿದರ್ಶನವಾಗಿದೆ.

ಸೈನಿಕರ ಅಂಗವೈಕಲ್ಯ ಪಿಂಚಣಿ

ಈ ಪಿಂಚಣಿಗೆ ಎರಡು ಷರತ್ತುಗಳಿವೆ: ಅಂಗವೈಕಲ್ಯವು ಸೇನಾ ಸೇವೆಯಿಂದ ಉಂಟಾಗಿರಬೇಕು ಅಥವಾ ಉಲ್ಬಣಗೊಂಡಿರಬೇಕು, ಅದರ ಪ್ರಮಾಣ ಕನಿಷ್ಠ ಶೇ. 20 ಇರಬೇಕು. ಪ್ರಮಾಣವನ್ನು ಸೇನಾ ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. ಪಿಂಚಣಿಯಲ್ಲಿ ಸೇವಾ ಅಂಶ ಮತ್ತು ಅಂಗವೈಕಲ್ಯ ಅಂಶ ಎಂಬ ಎರಡು ಭಾಗಗಳಿವೆ. ಶೇ. 100ರಷ್ಟು ಅಂಗವೈಕಲ್ಯಕ್ಕೆ ಅಂಗವೈಕಲ್ಯ ಅಂಶವು ಕೊನೆಯ ವೇತನದ ಶೇ. 30, ಪ್ರಮಾಣ ಇಳಿದಂತೆ ಮೊತ್ತವೂ ಇಳಿಯುತ್ತದೆ. ಶತ್ರುಗಳೊಡನೆ ನಡೆದ ಕಾರ್ಯಾಚರಣೆಯಲ್ಲಿ ಗಾಯಗೊಂಡವರಿಗೆ ಹೆಚ್ಚಿನ ದರದ ಯುದ್ಧಗಾಯ ಪಿಂಚಣಿ ಇದೆ.

2001ರ ಜನವರಿ 31ರ ಆದೇಶವು ಪ್ರಮಾಣವನ್ನು ಮೇಲಿನ ಹಂತಕ್ಕೆ ಪೂರ್ಣಗೊಳಿಸುವ ಪದ್ಧತಿಯನ್ನು ತಂದಿತು. ಅದರಂತೆ ಶೇ. 50ಕ್ಕಿಂತ ಕಡಿಮೆ ಇರುವುದನ್ನು ಶೇ. 50 ಎಂದೂ, ಶೇ. 50ರಿಂದ 75ರವರೆಗಿನದನ್ನು ಶೇ. 75 ಎಂದೂ, ಅದಕ್ಕೂ ಹೆಚ್ಚಿನದನ್ನು ಶೇ. 100 ಎಂದೂ ಪರಿಗಣಿಸಲಾಗುತ್ತದೆ. ಅಂಗವೈಕಲ್ಯದ ಕಾರಣ ಸೇವೆಯಿಂದ ಬಿಡುಗಡೆಯಾದವರಿಗೆ ಮಾತ್ರ ಸೀಮಿತವಾಗಿದ್ದ ಈ ಸೌಲಭ್ಯ, ರಾಮ್ ಅವತಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ನೀಡಿದ ತೀರ್ಪಿನ ಬಳಿಕ ಅವಧಿ ಮುಗಿಸಿ ನಿವೃತ್ತರಾದವರಿಗೂ ಅನ್ವಯವಾಯಿತು.

ಹೆಚ್ಚಿನ ವ್ಯಾಜ್ಯಗಳು ಹುಟ್ಟುವುದು ಅಂಗವೈಕಲ್ಯದ ಕಾರಣದ ಕುರಿತು. ಧರಂವೀರ್ ಸಿಂಗ್ ಪ್ರಕರಣದಲ್ಲಿ (2013) ಮೂರ್ಛೆರೋಗದಿಂದ ಸೇವೆ ಕಳೆದುಕೊಂಡ ಸೈನಿಕನಿಗೆ, ರೋಗವು ಸೇವೆಗೆ ಸಂಬಂಧಿಸಿದ್ದಲ್ಲವೆಂದು ಪಿಂಚಣಿ ನಿರಾಕರಿಸಲಾಗಿತ್ತು. ನೇಮಕಾತಿಯ ವೇಳೆ ದಾಖಲಾಗದ ರೋಗ ಸೇವಾವಧಿಯಲ್ಲಿ ಕಾಣಿಸಿಕೊಂಡರೆ ಅದು ಸೇವೆಯಿಂದ ಬಂದದ್ದೆಂದು ಭಾವಿಸಬೇಕು, ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಸೈನಿಕನದಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅರ್ಹತೆಯ ಹೊಸ ನಿಯಮಗಳು 2023ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿವೆ.

ನಾಗರಿಕರಿಗೆ ಸಾರ್ವಜನಿಕ ನೆರವು

ಅಂಗವಿಕಲರ ಪರಿಹಾರವು ರಾಜ್ಯದ ವಿಷಯವಾಗಿದ್ದರೂ, ಅಂತರರಾಷ್ಟ್ರೀಯ ಒಪ್ಪಂದಗಳನ್ನು ಜಾರಿಗೊಳಿಸುವ 253ನೇ ವಿಧಿಯ ಅಧಿಕಾರದಿಂದ ಸಂಸತ್ತು ಈ ಕುರಿತು ಶಾಸನ ರಚಿಸಿದೆ. 1995ರ ಅಧಿನಿಯಮಕ್ಕೆ ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ 1996ರ ಜನವರಿ 1ರಂದು ಅಂಕಿತ ಹಾಕಿದರು. ಅದರ ಬದಲಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ಕ್ಕೆ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರ ಅಂಕಿತ 2016ರ ಡಿಸೆಂಬರ್ 27ರಂದು ದೊರೆಯಿತು. 2017ರ ಏಪ್ರಿಲ್ 19ರಂದು ಅದು ಜಾರಿಗೆ ಬಂದಿತು. ಗುರುತಿಸಲಾದ ಅಂಗವೈಕಲ್ಯಗಳ ಸಂಖ್ಯೆ 7ರಿಂದ 21ಕ್ಕೆ ಏರಿತು. ಸಾಮಾಜಿಕ ಭದ್ರತಾ ಯೋಜನೆಗಳಲ್ಲಿ ಅಂಗವಿಕಲರಿಗೆ ನೀಡುವ ಮೊತ್ತವು ಇತರರಿಗಿರುವ ಅದೇ ಬಗೆಯ ಯೋಜನೆಗಳಿಗಿಂತ ಕನಿಷ್ಠ ಶೇ. 25 ಹೆಚ್ಚಿರಬೇಕೆಂದು ಇದರ 24ನೇ ಪ್ರಕರಣ ವಿಧಿಸುತ್ತದೆ.

ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆ (2009) ಬಡತನ ರೇಖೆಗಿಂತ ಕೆಳಗಿದ್ದು ಶೇ. 80ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಹೊಂದಿರುವವರಿಗೆ ಸೀಮಿತವಾಗಿದೆ. 18ರಿಂದ 79 ವರ್ಷದವರಿಗೆ ಅದರ ಕೇಂದ್ರ ಪಾಲು ತಿಂಗಳಿಗೆ 300 ರೂಪಾಯಿ. ಕರ್ನಾಟಕವು ಶೇ. 40ರಿಂದಲೇ ಮಾಸಾಶನ ನೀಡುತ್ತದೆ, ಶೇ. 75 ಮೀರಿದವರಿಗೆ ದರ ಹೆಚ್ಚು. ಇಲ್ಲಿ ಅಂಗವೈಕಲ್ಯದ ಕಾರಣವನ್ನು ಕೇಳುವುದಿಲ್ಲ; ಪ್ರಮಾಣ ಮತ್ತು ಆದಾಯವನ್ನು ನೋಡಲಾಗುತ್ತದೆ.

ಜಮಖಂಡಿ ಉಪವಿಭಾಗದಲ್ಲಿ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ನಾಗರಿಕರ ಮಾಸಾಶನದ ಅರ್ಜಿಯನ್ನು ನಾಡಕಚೇರಿಯಲ್ಲಿ ಸಲ್ಲಿಸಲಾಗುತ್ತದೆ. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿದಾರರಿಗೆ ನೆರವಾಗುತ್ತಾರೆ. ಮಾಜಿ ಸೈನಿಕರ ಕೋರಿಕೆಗಳು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ವ್ಯಾಪ್ತಿಗೆ ಬರುತ್ತವೆ. ಉದಾಹರಣೆಗೆ, ಶೇ. 30ರಷ್ಟು ಅಂಗವೈಕಲ್ಯವು ಸೇವೆಯಿಂದ ಉಂಟಾಗಿದ್ದರೆ ಮುಧೋಳದ ಮಾಜಿ ಸೈನಿಕನೊಬ್ಬ ಪಿಂಚಣಿಗೆ ಅರ್ಹನಾಗುತ್ತಾನೆ. ಅಷ್ಟೇ ಪ್ರಮಾಣದ ಅಂಗವೈಕಲ್ಯವುಳ್ಳ ಬನಹಟ್ಟಿಯ ನೇಕಾರ, ಎಷ್ಟೇ ಬಡವನಾಗಿದ್ದರೂ, ಶೇ. 40ರ ಮಿತಿಯ ಕಾರಣ ರಾಜ್ಯದ ಮಾಸಾಶನದಿಂದ ಹೊರಗುಳಿಯುತ್ತಾನೆ.