ಅದು ಮಜ್ಜಿಗೆಯ ತಪ್ಪಲ್ಲ, ಅಜ್ಜಿ (ವೆಲ್ಲಿಂಗ್ಟನ್ ಟಿಪ್ಪಣಿ – 9)

ಕಳೆದ ವಾರ ಸಾಲಾಗಿ ನೈಟ್ ಡ್ಯೂಟಿ, ಬರೆಯಲಾಗಲಿಲ್ಲ. ಈ ಸಲದ್ದು ನಮ್ಮ ಮನೆಯದೇ ಕಥೆ.

ನಮ್ಮ ಅಜ್ಜಿಯ ಅಕ್ಕ ಚೊಚ್ಚಲ ಬಾಣಂತನದಲ್ಲೇ ತೀರಿಕೊಂಡದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಹೆರಿಗೆಯಾದ ಮೂರನೇ ದಿನ ನಡುಕ, ಜ್ವರ. ಹೊಟ್ಟೆ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಆಮೇಲೆ ಬಡಬಡಿಕೆ. ಆರನೇ ದಿನ ಹೋಗಿಬಿಟ್ಟರು. ಊರವರು ‘ಬಾಣಂತಿ ಸನ್ನಿ’ ಅಂದರು. ಅಕ್ಕ ಕೇಳಿದಳೆಂದು ಒಂದು ಲೋಟ ಮಜ್ಜಿಗೆ ಕೊಟ್ಟಿದ್ದು ಆಗ ಹತ್ತು ವರ್ಷದ ನಮ್ಮಜ್ಜಿ. ಶೀತವಾಗಿ ಸನ್ನಿ ಹಿಡಿಯಿತು ಎಂದು ಎಲ್ಲರೂ ತೀರ್ಮಾನಿಸಿದರು. ಅಜ್ಜಿ ಇವತ್ತಿಗೂ ಮಜ್ಜಿಗೆ ಮುಟ್ಟುವುದಿಲ್ಲ.

ನಾನಿರುವ ನ್ಯೂಟೌನ್‌ನಲ್ಲಿ ರಿಂಟೌಲ್ ಸ್ಟ್ರೀಟ್ ಅಂತ ಒಂದು ರಸ್ತೆ ಇದೆ. 1905ರಲ್ಲಿ ಅಲ್ಲಿ ಸೇಂಟ್ ಹೆಲೆನ್ಸ್ ಎಂಬ ಸರ್ಕಾರಿ ಹೆರಿಗೆ ಆಸ್ಪತ್ರೆ ಶುರುವಾಯಿತು, ಈ ದೇಶದ ಮೊದಲನೆಯದು. ಅದರ ಹಿಂದಿದ್ದವರು ಗ್ರೇಸ್ ನೀಲ್, ಸ್ವತಃ ನರ್ಸ್. ಕೂಲಿ ಮಾಡುವವರ ಹೆಂಡಂದಿರಿಗೆ ಒಳ್ಳೆಯ ಹೆರಿಗೆ ಆಗಬೇಕು, ಸೂಲಗಿತ್ತಿಯರಿಗೆ ತರಬೇತಿ ಸಿಗಬೇಕು ಎಂಬುದು ಉದ್ದೇಶ. ಆದರೂ ಇಲ್ಲಿಯ ತಾಯಂದಿರು ನಮ್ಮ ದೊಡ್ಡಜ್ಜಿಯ ಹಾಗೆಯೇ ಸಾಯುತ್ತಿದ್ದರು. 1920ರ ದಶಕದಲ್ಲಿ ಆಕ್ಲೆಂಡಿನ ಒಂದು ಖಾಸಗಿ ಹೆರಿಗೆ ಮನೆಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ನಂಜಿನಿಂದ ಸತ್ತಾಗ ದೇಶವೇ ಗಾಬರಿಯಾಗಿ ತನಿಖೆ ನಡೆಯಿತು.

ಆಗುವುದು ಇಷ್ಟೇ. ಗಟ್ಟಿ ಚರ್ಮ ಇರುವ ತನಕ ಬ್ಯಾಕ್ಟೀರಿಯಾಕ್ಕೆ ಒಳಗೆ ದಾರಿ ಸುಲಭವಲ್ಲ. ಆದರೆ ಹೆರಿಗೆಯಲ್ಲಿ ಮಾಸು ಬಿಟ್ಟ ಜಾಗ ಅಂಗೈಯಗಲದ ಹಸಿ ಗಾಯ. ಸ್ಟ್ರೆಪ್ಟೊಕಾಕಸ್ ಎಂಬ, ಮಣಿಸರದ ಹಾಗೆ ಕಾಣುವ ಬ್ಯಾಕ್ಟೀರಿಯಾ ಆರೋಗ್ಯವಂತರ ಗಂಟಲಲ್ಲೂ ಇರಬಹುದು. ಕೈಯಿಂದ, ಕೆಮ್ಮಿನಿಂದ ಅದು ಆ ಗಾಯಕ್ಕೆ ಸೇರುತ್ತದೆ. ಬಿಳಿ ರಕ್ತಕಣಗಳು ಓಡಿಬಂದು ಅದನ್ನು ನುಂಗುತ್ತವೆ. ಕೀವು ಅಂದರೆ ಬಹುಪಾಲು ಹಾಗೆ ಹೋರಾಡಿ ಸತ್ತ ಕಣಗಳೇ. ಜ್ವರ ಏರಿಸುವುದೂ ದೇಹವೇ. ಈ ಹೋರಾಟ ರಕ್ತಕ್ಕೆ ಹಬ್ಬಿ ಕೈಮೀರಿದರೆ ಬಿಪಿ ಕುಸಿಯುತ್ತದೆ, ಮಿದುಳು ತಡವರಿಸುತ್ತದೆ. ಆ ಬಡಬಡಿಕೆಯನ್ನೇ ನಾವು ಸನ್ನಿ ಅಂದೆವು.

ಸೂಲಗಿತ್ತಿಯನ್ನು ಬೈಯಬೇಡಿ. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರುಗಳೇ ಹೆಣ ಕೊಯ್ದ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಕ್ಲೋರಿನ್ ನೀರಲ್ಲಿ ಕೈ ತೊಳೆಸಿದ ಮೇಲೆ ಸಾವು ಥಟ್ಟನೆ ಇಳಿಯಿತು. ಆದರೂ ಹೆಚ್ಚಿನವರು ಅವನ ಮಾತು ಕೇಳಲಿಲ್ಲ. ನ್ಯೂಜಿಲೆಂಡಿನಲ್ಲೂ 1924ರ ನಂತರ ಕೈ, ಗ್ಲೌಸು, ಬಟ್ಟೆ, ಉಪಕರಣ ಎಲ್ಲಕ್ಕೂ ಕಟ್ಟುನಿಟ್ಟಿನ ನಿಯಮ ಬಂತು. ಸಲ್ಫಾ ಔಷಧಿ ಕೈಗೆ ಸಿಗುವ ಮುಂಚೆಯೇ ನಂಜಿನ ಸಾವು ಇಳಿಯತೊಡಗಿತ್ತು. ಪೆನ್ಸಿಲಿನ್ ಬಂದದ್ದು ಅದಕ್ಕೂ ಆಮೇಲೆ. ನಮ್ಮೂರಿಗೆ ಆಗ ಯಾವುದೂ ಬಂದಿರಲಿಲ್ಲ.

ಮನೆಯಲ್ಲಿ ಬಾಣಂತಿ ಇದ್ದರೆ ಒಂದು ಮಾತು: ಚಳಿಜ್ವರ, ಹೊಟ್ಟೆನೋವು, ಕೆಟ್ಟ ವಾಸನೆಯ ಸ್ರಾವ, ಇವುಗಳಲ್ಲಿ ಒಂದು ಕಂಡರೂ ಕಷಾಯ ಕಾಸುತ್ತಾ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಚಿಕ್ಕಪ್ಪಾ, ಇದನ್ನು ಅಜ್ಜಿಯ ಹತ್ತಿರ ಕೂತು ಜೋರಾಗಿ ಓದಿ ಹೇಳಿ. ಕಿವಿ ಸರಿಯಾಗಿ ಕೇಳಿಸದಿದ್ದರೆ ಈ ಒಂದು ಮಾತನ್ನಾದರೂ ಎರಡು ಸಲ ಹೇಳಿ: ಮಜ್ಜಿಗೆಯಿಂದ ಯಾವ ಬಾಣಂತಿಗೂ ಸನ್ನಿ ಬರುವುದಿಲ್ಲ. ಸಾಯುವ ಮುಂಚೆ ದೊಡ್ಡಜ್ಜಿ ಬಾಯಾರಿ ಕೇಳಿದ್ದನ್ನು ಆ ಮನೆಯಲ್ಲಿ ಕೊಟ್ಟವಳು ಅವಳೊಬ್ಬಳೇ.