ಕವಾಟದ ನೆರಳಿನಲ್ಲಿ ಅಡಗಿದ ಸೋಂಕು

1960ರಲ್ಲಿ ಅಮೆರಿಕದ ಆಲ್ಬರ್ಟ್ ಸ್ಟಾರ್ ಮತ್ತು ಲೊವೆಲ್ ಎಡ್ವರ್ಡ್ಸ್ ರೂಪಿಸಿದ ಕವಾಟ, ಪಂಜರದೊಳಗೆ ಚೆಂಡೊಂದು ಏರಿಳಿಯುವ ಸಾಧನ, ಮನುಷ್ಯರ ಹೃದಯದಲ್ಲಿ ಕೆಲಸ ಶುರುಮಾಡಿತು. ಕೆಟ್ಟ ಕವಾಟವನ್ನು ಬದಲಿಸಬಹುದು ಎಂಬ ಭರವಸೆಯ ಬೆನ್ನಿಗೇ ಹೊಸ ತೊಡಕೂ ಬಂತು. ರಕ್ತದಲ್ಲಿ ತೇಲಿಬಂದ ರೋಗಾಣುಗಳು ಸಹಜ ಕವಾಟದಲ್ಲಾದರೆ ಹೆಚ್ಚಾಗಿ ಅದರ ಎಸಳುಗಳ ಮೇಲೆ ಬೆಳೆಯುತ್ತವೆ. ಲೋಹದ ಕವಾಟದಲ್ಲಿ ಅದನ್ನು ಹೊಲಿದು ಕೂರಿಸಿದ ಬಟ್ಟೆಯುಂಗುರದ ಅಂಚು ಹಿಡಿದು, ಪಕ್ಕದ ಅಂಗಾಂಶದೊಳಗೆ ಕೀವುಗಟ್ಟುತ್ತವೆ. ಆ ಕೀವನ್ನು ಹುಡುಕುವ ತಂತ್ರಗಳು ಬೆಳೆದ ಬಗೆಯನ್ನು ಬರೀ ಚಿತ್ರ ಸ್ಪಷ್ಟವಾಗುತ್ತ ಹೋದ ಕಥೆಯೆಂದು ಓದುವುದು ಸಾಲದು. ಒಂದು ಯಂತ್ರಕ್ಕೆ ಕಾಣದ್ದನ್ನು ಇನ್ನೊಂದರಿಂದ ಕೇಳಿ, ಎಲ್ಲ ಸಾಕ್ಷ್ಯಗಳನ್ನು ಕೂಡಿಸಿ ತೂಗುವುದನ್ನು ವೈದ್ಯರು ಕಲಿತದ್ದೇ ಅದರ ತಿರುಳು.

ಸ್ವೀಡನ್ನಿನ ಲುಂಡ್‌ನಲ್ಲಿ 1953ರಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಶಬ್ದತರಂಗಗಳಿಂದ ಹೃದಯವನ್ನು ನೋಡಿದಾಗ ಎಕೋ ಪರೀಕ್ಷೆ ಹುಟ್ಟಿತು. ಸಹಜ ಕವಾಟಕ್ಕೆ ಚೆನ್ನಾಗಿ ಒಗ್ಗಿದ ಈ ಪರೀಕ್ಷೆ ಲೋಹದ ಮುಂದೆ ಸೋತಿತು: ಲೋಹ ತರಂಗವನ್ನು ಹಿಂದಕ್ಕೆ ಎಸೆಯುತ್ತದೆ, ಅದರ ಆಚೆಗೆ ಕಪ್ಪು ನೆರಳಷ್ಟೇ ಉಳಿಯುತ್ತದೆ. ಎದೆಯ ಮೇಲಿಂದ ನೋಡುವ ಬದಲು ಅನ್ನನಾಳದೊಳಗೆ ಕೊಳವೆ ಇಳಿಸಿ ಹೃದಯದ ಹಿಂಬದಿಯಿಂದ ನೋಡಿದ್ದೇ ಮೊದಲ ದೊಡ್ಡ ಜಿಗಿತ. 1991ರ ಒಂದು ಅಧ್ಯಯನದಲ್ಲಿ ಇದ್ದ ಕೀವುಗಡ್ಡೆಗಳಲ್ಲಿ ಎದೆಯ ಎಕೋ ಗುರುತಿಸಿದ್ದು ಶೇ. 28, ಅನ್ನನಾಳದ ಎಕೋ ಶೇ. 87. ಮುಂದೆ ಈ ಸೋಂಕನ್ನು ಖಚಿತಪಡಿಸಲು ರೂಪಿಸಿದ 1994ರ ಡ್ಯೂಕ್ ಮಾನದಂಡಗಳು ಎಕೋ ಸಾಕ್ಷ್ಯಕ್ಕೆ, ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರಿನ ಸಮಾನ ಸ್ಥಾನ ಕೊಟ್ಟವು. ಆದರೂ ಸೋಂಕಿನ ಆರಂಭದಲ್ಲಿ ಕಾಣುವ ಬರೀ ದಪ್ಪಗಾದ ಅಂಗಾಂಶ, ಶಸ್ತ್ರಚಿಕಿತ್ಸೆಯ ಬಾವಿನಂತೆಯೇ ತೋರುತ್ತಿತ್ತು.

ಆಕಾರದಿಂದ ತಿಳಿಯದ್ದನ್ನು ಜೀವಕೋಶಗಳ ಚಟುವಟಿಕೆಯಿಂದ ತಿಳಿಯಬಹುದೇ ಎಂಬುದು ಮುಂದಿನ ಪ್ರಶ್ನೆ. ಉರಿಯೂತದಲ್ಲಿ ತೊಡಗಿದ ಕೋಶಗಳು ಸಕ್ಕರೆಯನ್ನು ಹೆಚ್ಚು ಹೀರುತ್ತವೆ. ಸಕ್ಕರೆಯಂಥ ಅಣುವಿಗೆ ವಿಕಿರಣಶೀಲ ಫ್ಲೋರಿನ್ ಅಂಟಿಸಿ ಚುಚ್ಚಿದರೆ ಆ ಜಾಗ ಪೆಟ್-ಸಿಟಿ ಸ್ಕ್ಯಾನಿನ ಚಿತ್ರದಲ್ಲಿ ಬೆಳಗುತ್ತದೆ. ಆದರೆ ಹೃದಯದ ಸ್ನಾಯುವಿಗೂ ಸಕ್ಕರೆ ಇಷ್ಟ. ಆದ್ದರಿಂದ ರೋಗಿ ಹಿಂದಿನ ದಿನ ಅನ್ನ, ಮುದ್ದೆ, ಚಪಾತಿ, ಹಣ್ಣು ಬಿಟ್ಟು ಮೊಟ್ಟೆ, ಪನೀರ್, ಬೆಣ್ಣೆಯಂಥದ್ದನ್ನು ತಿಂದು, ಆಮೇಲೆ ಹಲವು ಗಂಟೆ ಉಪವಾಸ ಇರಬೇಕು. ತಪ್ಪಿದರೆ ಹೃದಯವೆಲ್ಲ ಹೊಳೆದು ಕವಾಟವನ್ನು ಮುಚ್ಚಿಬಿಡುತ್ತದೆ. ಫ್ರಾನ್ಸಿನ ಮಾರ್ಸೇಯಲ್ಲಿ 72 ಶಂಕಿತ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೆಟ್ ಸಾಕ್ಷ್ಯವನ್ನೂ ಸೇರಿಸಿಕೊಂಡಾಗ ಡ್ಯೂಕ್ ಮಾನದಂಡಗಳು ಸೋಂಕನ್ನು ಹಿಡಿಯುವ ಪ್ರಮಾಣ ಶೇ. 70ರಿಂದ 97ಕ್ಕೆ ಏರಿತು. 2015ರ ಯುರೋಪಿನ ಮಾರ್ಗಸೂಚಿ ಪೆಟ್ ಚಿತ್ರವನ್ನೂ ಸಿಟಿ ತೋರಿಸುವ ಕವಾಟದ ಸುತ್ತಲಿನ ಹಾನಿಯನ್ನೂ ಪ್ರಮುಖ ಸಾಕ್ಷ್ಯವೆಂದು ಒಪ್ಪಿತು.

ಹೊಳೆದದ್ದೆಲ್ಲ ಸೋಂಕಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಮಾಯುತ್ತಿರುವ ಗಾಯವೂ ಶಸ್ತ್ರಚಿಕಿತ್ಸೆಯ ಅಂಟೂ ಹೊಳೆಯುತ್ತವೆ. 2023ರ ಪರಿಷ್ಕೃತ ಡ್ಯೂಕ್ ಮಾನದಂಡಗಳು ಶಸ್ತ್ರಚಿಕಿತ್ಸೆಯಾದ 3 ತಿಂಗಳೊಳಗಿನ ಪೆಟ್ ಹೊಳಪಿಗೆ ಕಡಿಮೆ ತೂಕ ಕೊಟ್ಟಿರುವುದು ಇದಕ್ಕೇ. ಅಂಥಲ್ಲಿ ರೋಗಿಯದೇ ಬಿಳಿ ರಕ್ತಕಣಗಳಿಗೆ ವಿಕಿರಣಶೀಲ ಗುರುತು ಹಾಕಿ ಮರಳಿ ಚುಚ್ಚುವ ಸ್ಕ್ಯಾನ್ ನೆರವಾಗುತ್ತದೆ. ಸಣ್ಣ ಸೋಂಕು ಅದರಿಂದ ತಪ್ಪಿಸಿಕೊಂಡೀತು, ಆದರೆ ಅದು ಸುಳ್ಳು ಹೇಳುವುದು ಕಡಿಮೆ. ಎರಡನೆಯ ಆಕ್ಷೇಪ ಖರ್ಚಿನದು. ಸಂಧಿವಾತ ಜ್ವರದಿಂದ ಚಿಕ್ಕ ವಯಸ್ಸಿಗೇ ಕವಾಟ ಕೆಟ್ಟವರು ಬಹಳಿರುವ ನಮ್ಮ ದೇಶದಲ್ಲಿ, ಸುಮಾರು 110 ನಿಮಿಷಕ್ಕೆ ಅರ್ಧವಾಗುವ ಫ್ಲೋರಿನ್ ಊರೂರಿಗೆ ತಲುಪದು. ಆದರೆ ಪೆಟ್ ಎಲ್ಲರಿಗೂ ಬೇಕಿಲ್ಲ. ಕಲ್ಚರ್ ಮತ್ತು ಅನ್ನನಾಳದ ಎಕೋ ಸೇರಿಯೂ ತೀರ್ಮಾನವಾಗದವರಿಗೆ ಸಾಕು. ಆದರೆ ಈ ಪರೀಕ್ಷೆಗಳಿಗೆ ಸಮಯವೂ ಮುಖ್ಯ: ಆ್ಯಂಟಿಬಯಾಟಿಕ್ ಮೊದಲೇ ಬಿದ್ದರೆ ಕಲ್ಚರಿನಲ್ಲಿ ಏನೂ ಬೆಳೆಯದಿರಬಹುದು, ಪೆಟ್ ಹೊಳಪೂ ಮಂಕಾಗಬಹುದು. ಕೃತಕ ಕವಾಟದವರಿಗೆ ಜ್ವರ ಬಂದಾಗ ಔಷಧಕ್ಕೆ ಮುಂಚೆ ರಕ್ತ ತೆಗೆದಿಡುವ ಅಗ್ಗದ ಕೆಲಸ ತಾಲ್ಲೂಕಿನಲ್ಲೇ ಆಗದಿದ್ದರೆ, ನಗರದ ದುಬಾರಿ ಯಂತ್ರದ ಸಾಕ್ಷ್ಯಕ್ಕೆ ಜೊತೆಗೂಡುವ ಇನ್ನೊಂದು ಸಾಕ್ಷ್ಯವೇ ಇರುವುದಿಲ್ಲ.